ಓಟದ ರಾಣಿ ವಿಲ್ಮಾ ರುಡಾಲ್ಫ್

ಈ ಸಲದ ಗೋಡೆ ಪತ್ರಿಕೆಯಲ್ಲಿ ಮಹನೀಯರ ಪರಿಚಯ ಬರೆಯುವ ಸರದಿ ನನ್ನದು. ಗಾಂಧೀಜಿ, ವಿಶ್ವೇಶ್ವರಯ್ಯ, ಕಿತ್ತೂರು ಚೆನ್ನಮ್ಮ ಎಲ್ಲರೂ ಆಗಲೇ ಈ ಗೋಡೆ ಮೇಲೆ ಬಂದು ಹೋಗಿದ್ದಾರೆ. ಓಡುವವರು ಮಾತ್ರ ಒಬ್ಬರೂ ಬಂದಿಲ್ಲ. ಅದಕ್ಕೇ ನಾನು ವಿಲ್ಮಾ ರುಡಾಲ್ಫ್ ಎಂಬಾಕೆಯನ್ನು ಆರಿಸಿಕೊಂಡೆ. ಈಕೆ ಅಮೆರಿಕ ದೇಶದವಳು. 1960 ಮತ್ತು 1961ರಲ್ಲಿ ಅದುವರೆಗೆ ಯಾವ ಹೆಂಗಸೂ ಓಡದಷ್ಟು ಜೋರಾಗಿ ಓಡಿ ವಿಶ್ವದಾಖಲೆ ಮಾಡಿದವಳು. ಚಿಕ್ಕವಳಿದ್ದಾಗ ಮಾತ್ರ ಈಕೆಗೆ ಸರಿಯಾಗಿ ನಡೆಯೋಕೂ ಆಗ್ತಿರಲಿಲ್ಲ.

ವಿಲ್ಮಾ ಹುಟ್ಟಿದ್ದು 1940ರ ಜೂನ್ 23ರಂದು. ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ ಕ್ಲಾರ್ಕ್ಸ್‌ವಿಲ್ ಅಂತ ಒಂದು ಊರಿದೆ, ಅದರ ಹತ್ತಿರ. ಅವಳ ತಂದೆಗೆ ಎರಡು ಮದುವೆಯಿಂದ ಒಟ್ಟು 22 ಮಕ್ಕಳು, ಅದರಲ್ಲಿ ಇವಳು 20ನೆಯವಳು! ತಂದೆ ಎಡ್ ರುಡಾಲ್ಫ್ ರೈಲ್ವೆಯಲ್ಲಿ ಪೋರ್ಟರ್ ಕೆಲಸ ಮಾಡುತ್ತಿದ್ದರು, ಅದು ಸಾಲದೆ ಸಿಕ್ಕಿದ ಕೂಲಿಗೂ ಹೋಗುತ್ತಿದ್ದರು. ತಾಯಿ ಬ್ಲಾಂಚ್ ಬಿಳಿಯರ ಮನೆಗಳಲ್ಲಿ ಮನೆಗೆಲಸ ಮಾಡುತ್ತಿದ್ದರು. ವಿಲ್ಮಾ ದಿನ ತುಂಬುವ ಮುಂಚೆಯೇ ಹುಟ್ಟಿದ ಕೂಸು. ತೂಕ ಎರಡು ಕಿಲೋ ಅಷ್ಟೆ. ಬದುಕುವುದೇ ಕಷ್ಟ ಅನ್ನುವ ಹಾಗಿತ್ತು.

ಬದುಕಿದಳು, ಆದರೆ ಕಾಯಿಲೆ ಬಿಡಲಿಲ್ಲ. ನ್ಯುಮೋನಿಯಾ ಬಂತು, ಮೈಯೆಲ್ಲ ಕೆಂಪಾಗುವ ಸ್ಕಾರ್ಲೆಟ್ ಜ್ವರ ಬಂತು, ಕೊನೆಗೆ ಪೋಲಿಯೋ ಬಂತು. ಎಡಗಾಲು ಸೊರಗಿ ಹೋಯಿತು. ಪೋಲಿಯೋ ಎಂದರೆ ಏನು ಅಂತ ನಮಗೆಲ್ಲ ಗೊತ್ತು. ನಮ್ಮ ಶಾಲೆ ಕೋಣೆಯಲ್ಲೇ ಭಾನುವಾರ ಮಕ್ಕಳಿಗೆ ಎರಡು ಹನಿ ಹಾಕಿ ಬೆರಳಿಗೆ ಶಾಯಿ ಹಚ್ಚುತ್ತಾರಲ್ಲ, ಅದೇ. ಹಾಗೆ ಹನಿ ಹಾಕಿ ಹಾಕಿ 2014ರಲ್ಲಿ ನಮ್ಮ ದೇಶ ಪೋಲಿಯೋ ಮುಕ್ತ ಅಂತ ಘೋಷಣೆ ಆಯಿತು. ಆದರೆ ವಿಲ್ಮಾ ಮಗುವಾಗಿದ್ದಾಗ ಪ್ರಪಂಚದಲ್ಲಿ ಎಲ್ಲೂ ಆ ಲಸಿಕೆ ಇರಲಿಲ್ಲ. ಪೋಲಿಯೋ ಲಸಿಕೆ ಬಂದಿದ್ದೇ 1955ರಲ್ಲಿ. ಅಷ್ಟು ಹೊತ್ತಿಗೆ ಅವಳಿಗೆ 15 ವರ್ಷ.

ಈ ರೋಗದಲ್ಲಿ ಕೆಡುವುದು ಕಾಲಿನ ಮಾಂಸಖಂಡ ಅಲ್ಲ, ಅದಕ್ಕೆ ಅಪ್ಪಣೆ ಕೊಡುವ ನರ. ಅಪ್ಪಣೆ ಬಾರದ ಮಾಂಸಖಂಡ ಕೆಲಸವಿಲ್ಲದೆ ಸಣ್ಣಗಾಗುತ್ತಾ ಹೋಗುತ್ತದೆ. ಕೆಲವು ನರ ಉಳಿದಿದ್ದರೆ, ಕಾಲನ್ನು ತಿಕ್ಕಿ, ಮಡಿಸಿ, ಚಾಚಿ ಕೆಲಸ ಮಾಡಿಸುತ್ತಾ ಇದ್ದರೆ ಉಳಿದ ಶಕ್ತಿಯನ್ನು ಬೆಳೆಸಬಹುದು. ಇದಕ್ಕೆ ತಾಳ್ಮೆ ಬೇಕು. ದುಡ್ಡೂ ಬೇಕು, ಆಸ್ಪತ್ರೆಯೂ ಬೇಕು.

ಆಸ್ಪತ್ರೆಯದೇ ದೊಡ್ಡ ಕಥೆ. ವಿಲ್ಮಾ ಕಪ್ಪು ಜನರಿಗೆ ಸೇರಿದವಳು. ಆ ಕಾಲದಲ್ಲಿ ಆ ಕಡೆಯ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಆಸ್ಪತ್ರೆ, ಹೋಟೆಲಿನಲ್ಲಿ ಬಿಳಿಯರ ಪಕ್ಕ ಕೂರುವ ಹಾಗಿಲ್ಲ, ಬಸ್ಸಿನಲ್ಲಿ ಹಿಂದಿನ ಸೀಟು. ಇದು ಓದಿದಾಗ ನನಗೆ ನಮ್ಮ ಸಮಾಜ ಪಾಠದಲ್ಲಿ ಬರುವ ಅಸ್ಪೃಶ್ಯತೆ ನೆನಪಾಯಿತು. ಅವಳಿಗೆ ಚಿಕಿತ್ಸೆ ಕೊಡುವ, ಕಪ್ಪು ಜನರ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದ್ದದ್ದು ನ್ಯಾಶ್‌ವಿಲ್ ಎಂಬ ನಗರದಲ್ಲಿ, ಸುಮಾರು 80 ಕಿಲೋಮೀಟರ್ ದೂರ. ತಾಯಿ ತನ್ನ ಕೆಲಸ ಬಿಟ್ಟು ಮಗಳನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ವಾರ ವಾರ ಹೋಗಿ ಬರುತ್ತಿದ್ದರು. ಹೋಗಿ ಬರೋಕೆ 160 ಕಿಲೋಮೀಟರ್ ಆಯಿತು. ಹೀಗೆ ಎರಡು ವರ್ಷ. ಅವರ ಮನೆಯಲ್ಲಿ ಇನ್ನೂ ಎಷ್ಟು ಮಕ್ಕಳಿದ್ದರು ಅಂತ ಮೇಲೆ ಬರೆದಿದ್ದೇನೆ, ಒಂದು ಸಲ ಯೋಚನೆ ಮಾಡಿ.

ಆಸ್ಪತ್ರೆಯಲ್ಲಿ ಕಾಲು ತಿಕ್ಕುವ ಕ್ರಮವನ್ನು ತಾಯಿ ನೋಡಿ ಕಲಿತರು. ಮನೆಗೆ ಬಂದು ದೊಡ್ಡ ಮಕ್ಕಳಿಗೂ ಕಲಿಸಿದರು. ಆಮೇಲೆ ಅಕ್ಕ ಅಣ್ಣಂದಿರು ಸರದಿ ಹಾಕಿಕೊಂಡು ದಿನಕ್ಕೆ ನಾಲ್ಕು ಸಲ ಅವಳ ಕಾಲು ತಿಕ್ಕುತ್ತಿದ್ದರು. ವಿಲ್ಮಾಳ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ. ಚಿನ್ನದ ಪದಕ ಒಬ್ಬಳ ಕೊರಳಿಗೆ ಬಿತ್ತು ನಿಜ, ಆದರೆ ಆ ಕಾಲಿಗೆ ಎಷ್ಟು ಜನರ ಕೈ ಬಿದ್ದಿತ್ತು ನೋಡಿ. ಕಾಲಿಗೆ ಲೋಹದ ಪಟ್ಟಿ ಕಟ್ಟಿಕೊಂಡು ಕುಂಟುತ್ತಾ ಶಾಲೆಗೆ ಹೋದಳು. ಆಮೇಲೆ ಪಟ್ಟಿ ಹೋಗಿ ವಿಶೇಷವಾಗಿ ಮಾಡಿಸಿದ ದಪ್ಪ ಬೂಟು ಬಂತು. ಸುಮಾರು 12 ವರ್ಷದವಳಾಗುವಾಗ ಅದೂ ಹೋಯಿತು. ಎಲ್ಲರ ಹಾಗೆ ನಡೆದಳು.

ನಡೆದ ಮೇಲೆ ಸುಮ್ಮನೆ ಕೂರಲಿಲ್ಲ. ಬರ್ಟ್ ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದಳು. ಅಲ್ಲಿಯ ಮೇಷ್ಟ್ರು ಕ್ಲಿಂಟನ್ ಗ್ರೇ ಅವಳಿಗೆ ಸೊಳ್ಳೆ ಅಂತ ಅಡ್ಡಹೆಸರು ಇಟ್ಟಿದ್ದರು! ಯಾಕಂದ್ರೆ ಸೊಳ್ಳೆ ತರಹ ಗುಂಯ್ ಅಂತ ಎಲ್ಲಾ ಕಡೆ ಅಡ್ಡ ಬರುತ್ತಿದ್ದಳಂತೆ. ಅವಳ ಆಟವನ್ನು ಎಡ್ ಟೆಂಪಲ್ ಎಂಬುವವರು ನೋಡಿದರು. ಇವರು ನ್ಯಾಶ್‌ವಿಲ್‌ನ ಟೆನೆಸ್ಸೀ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹುಡುಗಿಯರಿಗೆ ಓಟ ಕಲಿಸುವ ಕೋಚ್. ಅವರ ತಂಡಕ್ಕೆ ಟೈಗರ್‌ಬೆಲ್ಸ್ ಅಂತ ಹೆಸರು. ಬೇಸಿಗೆ ರಜೆಯಲ್ಲಿ ಬಂದು ಕಲಿ ಅಂತ ಅವಳನ್ನು ಕರೆಸಿಕೊಂಡರು. ಆಸ್ಪತ್ರೆಗೆ ಅಂತ ಹೋಗುತ್ತಿದ್ದ ಅದೇ ನ್ಯಾಶ್‌ವಿಲ್‌ಗೆ ಈಗ ಓಡೋಕೆ ಅಂತ ಹೋದಳು.

ಟೆಂಪಲ್ ಮೇಷ್ಟ್ರು ಬಹಳ ಕಟ್ಟುನಿಟ್ಟು. ಅಭ್ಯಾಸಕ್ಕೆ ಎಷ್ಟು ನಿಮಿಷ ತಡವೋ ಅಷ್ಟು ಸುತ್ತು ಹೆಚ್ಚಿಗೆ ಓಡಬೇಕು. ಒಂದು ದಿನ ವಿಲ್ಮಾ ನಿದ್ದೆ ಮಾಡಿ ಅರ್ಧ ಗಂಟೆ ತಡವಾಗಿ ಬಂದಳು. 30 ಸುತ್ತು ಓಡಿಸಿದರು. ಮಾರನೇ ದಿನ ಅರ್ಧ ಗಂಟೆ ಮುಂಚೆಯೇ ಬಂದು ಕೂತಿದ್ದಳು. (ನಮ್ಮ ಪಿ.ಟಿ. ಮೇಷ್ಟ್ರು ಇದನ್ನು ಓದದಿದ್ದರೆ ಒಳ್ಳೆಯದು.) ಅಲ್ಲಿಯೂ ಸೌಕರ್ಯ ಏನೂ ಇರಲಿಲ್ಲ. ಓಡುವ ಹುಡುಗಿಯರಿಗೆ ವಿದ್ಯಾರ್ಥಿವೇತನ ಇರಲಿಲ್ಲ, ದಿನಾ ಎರಡು ಗಂಟೆ ಕಾಲೇಜಿನಲ್ಲಿ ಕೆಲಸ ಮಾಡಿ ಫೀಸಿನ ಖರ್ಚು ದುಡಿದುಕೊಳ್ಳಬೇಕಿತ್ತು.

ಮೊದಮೊದಲು ವಿಲ್ಮಾ ಗೆಲ್ಲಲಿಲ್ಲ. ಟಸ್ಕೀಗಿ ಎಂಬಲ್ಲಿ ನಡೆದ ದೊಡ್ಡ ಕೂಟದಲ್ಲಿ ಓಡಿದ ಓಟವೆಲ್ಲ ಸೋತಳು. ಸ್ವಂತ ಶಾಲೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಬಂದವರಿಗೆ ತಾಲ್ಲೂಕು ಮಟ್ಟಕ್ಕೆ ಹೋದಾಗ ಆಗುವುದೇ ಅವಳಿಗೂ ಆಯಿತು. ಸರಿಯಾಗಿ ಕಲಿತವರ ಮುಂದೆ ಬರೀ ಕಾಲಿನ ಬಲ ಸಾಲದು ಅಂತ ಗೊತ್ತಾಗಿ, ಮುಂದಿನ ದಿನಗಳಲ್ಲಿ ಹೇಳಿಕೊಟ್ಟಿದ್ದನ್ನು ಮನಸ್ಸಿಟ್ಟು ಕಲಿತಳು. 1956ರಲ್ಲಿ, 16ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದಳು. 200 ಮೀಟರಿನಲ್ಲಿ ಶುರುವಿನಲ್ಲೇ ಹೊರಗೆ ಬಿದ್ದಳು. ಆದರೆ 4×100 ರಿಲೇಯಲ್ಲಿ ಕಂಚು ಸಿಕ್ಕಿತು. ಆ ಪದಕವನ್ನು ಊರಿಗೆ ತಂದು ಶಾಲೆಯಲ್ಲಿ ಎಲ್ಲರಿಗೂ ತೋರಿಸಿದಳು. ಅದೇ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯಾದ ಬೆಟ್ಟಿ ಕತ್ಬರ್ಟ್ ಎಂಬ 18 ವರ್ಷದ ಹುಡುಗಿ 100, 200 ಮತ್ತು ರಿಲೇ ಮೂರರಲ್ಲೂ ಚಿನ್ನ ಗೆದ್ದಿದ್ದಳು. ನಾಲ್ಕು ವರ್ಷ ಆದ ಮೇಲೆ ವಿಲ್ಮಾ ಮಾಡಿದ್ದೂ ಅದನ್ನೇ.

ಆದರೆ ಆ ನಾಲ್ಕು ವರ್ಷ ಸುಲಭವಾಗಿರಲಿಲ್ಲ. 1958ರಲ್ಲಿ, ಇನ್ನೂ ಹೈಸ್ಕೂಲಿನ ಕೊನೆಯಲ್ಲಿದ್ದಾಗಲೇ, ವಿಲ್ಮಾಗೆ ಮಗಳು ಹುಟ್ಟಿದಳು. ಇದನ್ನು ಬರೆಯಬೇಕೋ ಬೇಡವೋ ಅಂತ ನಾನು ಸ್ವಲ್ಪ ಯೋಚನೆ ಮಾಡಿದೆ. ಬರೆಯಲೇಬೇಕು ಅನ್ನಿಸಿತು. ಯಾಕಂದ್ರೆ ನಮ್ಮ ಊರಿನಲ್ಲೂ ಚೆನ್ನಾಗಿ ಓಡುವ ಅಕ್ಕಂದಿರು ಇದ್ದರು. ಮದುವೆ ಆಯಿತು, ಮಗುವಾಯಿತು, ಇನ್ನೇನು ಓಟ ಅಂತ ಎಲ್ಲರೂ ಅಂದರು, ಅವರೂ ಸುಮ್ಮನಾದರು. ವಿಲ್ಮಾಳ ಮನೆಯವರು ಮಗುವನ್ನು ನೋಡಿಕೊಂಡು ಅವಳನ್ನು ಕಾಲೇಜಿಗೆ ಕಳಿಸಿದರು. ತಾಯಂದಿರನ್ನು ತಂಡಕ್ಕೆ ಸೇರಿಸುವುದಿಲ್ಲ ಅಂತ ನಿಯಮ ಇಟ್ಟಿದ್ದ ಟೆಂಪಲ್ ಮೇಷ್ಟ್ರು ಅವಳಿಗಾಗಿ ಅದನ್ನು ಬಿಟ್ಟುಕೊಟ್ಟರು. ಅವಳಿಗೂ ಮೊದಲು ಹಾಲೆಂಡಿನ ಫ್ಯಾನಿ ಬ್ಲಾಂಕರ್ಸ್ ಕೂನ್ ಎಂಬಾಕೆ ಎರಡು ಮಕ್ಕಳ ತಾಯಿಯಾಗಿ, 30ನೇ ವಯಸ್ಸಿನಲ್ಲಿ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದಿದ್ದರು. ಹಾಗಾಗಿ ತಾಯಿಯಾದ ಮೇಲೆ ಓಡೋಕಾಗಲ್ಲ ಅನ್ನೋ ಮಾತು ಆಗಲೇ ಸುಳ್ಳಾಗಿತ್ತು.

ಇನ್ನು ದಾಖಲೆಯ ವಿಷಯ. ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ಓಟದ ಸ್ಪರ್ಧೆ ಶುರುವಾಗಿದ್ದೇ 1928ರಲ್ಲಿ, ಆಮ್ಸ್‌ಟರ್‌ಡ್ಯಾಮ್‌ನಲ್ಲಿ. ಅಲ್ಲಿ 100 ಮೀಟರ್ ಗೆದ್ದವಳು ಅಮೆರಿಕದ ಬೆಟ್ಟಿ ರಾಬಿನ್‌ಸನ್, ವಯಸ್ಸು 16, ಶಾಲೆಯ ಹುಡುಗಿ. ರೈಲು ತಪ್ಪಿ ಹೋಗುತ್ತೆ ಅಂತ ಓಡುತ್ತಿದ್ದಾಗ ಅವಳ ವಿಜ್ಞಾನದ ಮೇಷ್ಟ್ರು ನೋಡಿ, ಇವಳು ಓಟಗಾತಿ ಆಗಬಲ್ಲಳು ಅಂತ ಗುರುತಿಸಿದರಂತೆ. ಆ ದಿನ ಅವಳ ಸಮಯ 12.2 ಸೆಕೆಂಡು. ಅದೇ ಕೂಟದಲ್ಲಿ 800 ಮೀಟರ್ ಓಡಿದ ಹೆಂಗಸರು ಸುಸ್ತಾದರು ಅಂತ ದೊಡ್ಡ ಗಲಾಟೆ ಮಾಡಿ, ಆ ಓಟವನ್ನೇ ತೆಗೆದುಹಾಕಿದರು. ಅದು ಮತ್ತೆ ಬಂದದ್ದು 1960ರಲ್ಲಿ! ಗಂಡಸರೂ 800 ಮೀಟರ್ ಓಡಿ ಸುಸ್ತಾಗುತ್ತಾರೆ, ಅವರದನ್ನು ಯಾರೂ ತೆಗೆಯಲಿಲ್ಲ.

100 ಮೀಟರಿನ ದಾಖಲೆ ಮಾತ್ರ ಇಳಿಯುತ್ತಾ ಬಂತು. 1948ರಲ್ಲಿ ಫ್ಯಾನಿ 11.5 ಓಡಿದರು. 1952ರಲ್ಲಿ ಆಸ್ಟ್ರೇಲಿಯಾದ ಮಾರ್ಜರಿ ಜಾಕ್ಸನ್ 11.4, 1955ರಲ್ಲಿ ಅದೇ ದೇಶದ ಶರ್ಲಿ ಸ್ಟ್ರಿಕ್‌ಲ್ಯಾಂಡ್ 11.3. ಒಂದೊಂದು ಸಲ ಬರೀ ಸೆಕೆಂಡಿನ ಹತ್ತನೇ ಒಂದು ಪಾಲು. ಅದು ಎಷ್ಟು ಅಂತ ನಾನು ಲೆಕ್ಕ ಹಾಕಿದೆ. ಆ ವೇಗದಲ್ಲಿ 0.1 ಸೆಕೆಂಡಿಗೆ ಒಂದು ಮೀಟರಿಗಿಂತ ಸ್ವಲ್ಪ ಕಡಿಮೆ ದೂರ ಹೋಗಬಹುದು, ಅಂದರೆ ಅರ್ಧ ಹೆಜ್ಜೆ. ಅರ್ಧ ಹೆಜ್ಜೆ ಮುಂದೆ ಹೋಗೋಕೆ ಪ್ರಪಂಚಕ್ಕೆ ಮೂರು ನಾಲ್ಕು ವರ್ಷ ಬೇಕಾಯಿತು.

1960ರ ಜುಲೈ 9ರಂದು ಟೆಕ್ಸಾಸ್ ರಾಜ್ಯದ ಕಾರ್ಪಸ್ ಕ್ರಿಸ್ಟಿ ಎಂಬ ಊರಿನಲ್ಲಿ ವಿಲ್ಮಾ 200 ಮೀಟರನ್ನು 22.9 ಸೆಕೆಂಡಿನಲ್ಲಿ ಓಡಿದಳು. 23 ಸೆಕೆಂಡಿನ ಒಳಗೆ ಓಡಿದ ಹೆಂಗಸು ಅದಕ್ಕೆ ಮೊದಲು ಇರಲಿಲ್ಲ. ಅದಾಗಿ ಎರಡು ತಿಂಗಳಿಗೆ ರೋಮ್ ಒಲಿಂಪಿಕ್ಸ್. ಓಟಕ್ಕೆ ಮುಂಚೆ ಅಭ್ಯಾಸದಲ್ಲಿ ಗುಂಡಿಗೆ ಕಾಲಿಟ್ಟು ಪಾದ ಉಳುಕಿಸಿಕೊಂಡಿದ್ದಳು. ಆದರೂ 100 ಮೀಟರಿನ ಸೆಮಿಫೈನಲ್‌ನಲ್ಲಿ 11.3 ಓಡಿ ವಿಶ್ವದಾಖಲೆಗೆ ಸಮ ಮಾಡಿದಳು. ಫೈನಲ್‌ನಲ್ಲಿ 11.0! ಎರಡನೆಯವಳು ಬಂದದ್ದು 11.3ಕ್ಕೆ.

ಆದರೆ ಈ 11.0 ವಿಶ್ವದಾಖಲೆ ಪುಸ್ತಕಕ್ಕೆ ಹೋಗಲಿಲ್ಲ. ಕಾರಣ ಗಾಳಿ. ಬೆನ್ನ ಹಿಂದಿನಿಂದ ಗಾಳಿ ಬೀಸಿದರೆ ಸೈಕಲ್ ತುಳಿಯೋದು ಎಷ್ಟು ಹಗುರ ಅಂತ ಗದ್ದೆ ಬಯಲಿನ ರಸ್ತೆಯಲ್ಲಿ ಶಾಲೆಗೆ ಬರುವವರಿಗೆ ಗೊತ್ತು. ಓಟಕ್ಕೂ ಹಾಗೇ. ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚಿದ್ದರೆ ಗೆದ್ದವರಿಗೆ ಪದಕ ಕೊಡುತ್ತಾರೆ, ದಾಖಲೆ ಕೊಡುವುದಿಲ್ಲ. ಆ ದಿನ ಗಾಳಿ 2.75 ಮೀಟರ್ ಇತ್ತು. ನಿಯಮ ಸರಿಯೇ ಇದೆ. ಆದರೆ ಅದೇ ಗಾಳಿ ಉಳಿದವರ ಬೆನ್ನಿಗೂ ಬೀಸಿತ್ತು, ಅವರು ಎರಡು ಮೂರು ಮೀಟರ್ ಹಿಂದೆಯೇ ಉಳಿದರು ಅನ್ನುವುದನ್ನು ಮರೆಯಬಾರದು.

200 ಮೀಟರ್ 24.0 ಸೆಕೆಂಡಿನಲ್ಲಿ ಗೆದ್ದಳು. ಉಳಿದದ್ದು ರಿಲೇ. ಮಾರ್ಥಾ ಹಡ್ಸನ್, ಲುಸಿಂಡಾ ವಿಲಿಯಮ್ಸ್, ಬಾರ್ಬರಾ ಜೋನ್ಸ್, ವಿಲ್ಮಾ, ನಾಲ್ವರೂ ಟೆಂಪಲ್ ಮೇಷ್ಟ್ರ ಶಿಷ್ಯೆಯರೇ. ಸೆಮಿಫೈನಲ್‌ನಲ್ಲಿ 44.4 ಸೆಕೆಂಡು, ಹೊಸ ವಿಶ್ವದಾಖಲೆ. ಫೈನಲ್‌ನಲ್ಲಿ ಕೊನೆಯವಳಾದ ವಿಲ್ಮಾಗೆ ಬೇಟನ್ ಸರಿಯಾಗಿ ಕೈಗೆ ಸಿಗಲಿಲ್ಲ, ಬಿದ್ದೇ ಹೋಗುವ ಹಾಗಾಯಿತು. ಅಷ್ಟರಲ್ಲಿ ಜರ್ಮನಿಯ ಯೂಟಾ ಹೈನೆ ಮುಂದೆ ಹೋಗಿ ಆಗಿತ್ತು. ರಿಲೇ ಓಡಿದವರಿಗೆ ಆ ಹೊಟ್ಟೆ ಕಿವುಚುವ ಕ್ಷಣ ಗೊತ್ತಿರುತ್ತದೆ. ವಿಲ್ಮಾ ಬೇಟನ್ ಬಿಗಿಯಾಗಿ ಹಿಡಿದು ಹಿಂದೆ ಬಿದ್ದು ಅಟ್ಟಿಸಿಕೊಂಡು ಹೋಗಿ ಗೆರೆ ಬರುವುದರೊಳಗೆ ದಾಟಿಬಿಟ್ಟಳು. 44.5 ಸೆಕೆಂಡು. ಒಂದೇ ಒಲಿಂಪಿಕ್ಸ್‌ನ ಓಟದಲ್ಲಿ ಮೂರು ಚಿನ್ನ ಗೆದ್ದ ಮೊದಲ ಅಮೆರಿಕನ್ ಮಹಿಳೆ ಅವಳೇ.

ಅದೇ ರೋಮ್‌ನಲ್ಲಿ ನಮ್ಮ ಮಿಲ್ಖಾ ಸಿಂಗ್ 400 ಮೀಟರಿನಲ್ಲಿ ಸ್ವಲ್ಪದರಲ್ಲೇ ಕಂಚು ತಪ್ಪಿ ನಾಲ್ಕನೆಯವರಾದರು. ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಿನಲ್ಲಿ ಮ್ಯಾರಥಾನ್ ಗೆದ್ದದ್ದೂ ಅಲ್ಲೇ. ಅವರ ಬಗ್ಗೆ ಮುಂದಿನ ಸಲ ಯಾರಾದರೂ ಬರೆಯಿರಿ.

ಯೂರೋಪಿನ ಪತ್ರಿಕೆಗಳು ವಿಲ್ಮಾಳನ್ನು ಕಪ್ಪು ಜಿಂಕೆ, ಕಪ್ಪು ಮುತ್ತು ಅಂತೆಲ್ಲ ಹೊಗಳಿದವು. ಪ್ರೀತಿಯಿಂದಲೇ ಬರೆದಿರಬಹುದು. ಆದರೂ ಗೆದ್ದವರು ಬಿಳಿಯರಾಗಿದ್ದರೆ ಬಿಳಿ ಜಿಂಕೆ ಅಂತ ಬರೆಯುತ್ತಿದ್ದರಾ ಅಂತ ನನಗೊಂದು ಅನುಮಾನ.

ಈಗ ಊರಿಗೆ ಬರುವ ಕಥೆ. 1960ರ ಅಕ್ಟೋಬರ್ 4ರಂದು ಕ್ಲಾರ್ಕ್ಸ್‌ವಿಲ್‌ನಲ್ಲಿ ಮೆರವಣಿಗೆ, ಊಟ ಎಲ್ಲ ಇಟ್ಟುಕೊಂಡಿದ್ದರು. ಪದ್ಧತಿಯ ಪ್ರಕಾರ ಬಿಳಿಯರು ಬೇರೆ, ಕರಿಯರು ಬೇರೆ ಕೂರಬೇಕಿತ್ತು. ಹಾಗಾದರೆ ನಾನು ಬರುವುದೇ ಇಲ್ಲ ಎಂದು ವಿಲ್ಮಾ ಖಡಾಖಂಡಿತವಾಗಿ ತಿಳಿಸಿದಳು. ವಯಸ್ಸು ಆಗ 20. ಅವಳ ತಾಯಿ ಇದೇ ಊರಿನ ಬಿಳಿಯರ ಮನೆಗಳಲ್ಲಿ ಪಾತ್ರೆ ತೊಳೆದಿದ್ದವರು. ಊರಿನವರು ಒಪ್ಪಲೇಬೇಕಾಯಿತು. ಆ ಊರಿನ ಚರಿತ್ರೆಯಲ್ಲಿ ಎರಡೂ ಬಣ್ಣದ ಜನ ಒಟ್ಟಿಗೆ ಸೇರಿದ ಮೊದಲ ಸಾರ್ವಜನಿಕ ಸಮಾರಂಭ ಅದು. ನನ್ನ ಅಭಿಪ್ರಾಯದಲ್ಲಿ ಮೂರು ಚಿನ್ನಕ್ಕಿಂತ ಇದು ದೊಡ್ಡದು. ಓಟದಲ್ಲಿ ಅವಳನ್ನು ಹುರಿದುಂಬಿಸೋಕೆ ಮೈದಾನದ ತುಂಬಾ ಜನ ಇದ್ದರು, ಇಲ್ಲಿ ಸ್ವಂತ ಊರಿನ ದೊಡ್ಡವರಿಗೇ ಎದುರು ನಿಲ್ಲಬೇಕಿತ್ತು.

ಮುಂದಿನ ವರ್ಷ, 1961ರ ಜುಲೈನಲ್ಲಿ, ಮೊದಲು ಮಾಸ್ಕೋದಲ್ಲಿ ರಿಲೇ ದಾಖಲೆ 44.3ಕ್ಕೆ ಇಳಿಯಿತು. ನಾಲ್ಕೇ ದಿನಕ್ಕೆ, ಜುಲೈ 19ರಂದು, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವಿಲ್ಮಾ 100 ಮೀಟರನ್ನು 11.2ಕ್ಕೆ ಓಡಿದಳು. ಈ ಸಲ ಗಾಳಿಯ ತಕರಾರು ಇರಲಿಲ್ಲ. ಇದು ಅವಳೊಬ್ಬಳದೇ ದಾಖಲೆ. ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗ ಆಯಿತು. 1928ರ ರಾಬಿನ್‌ಸನ್ ಓಟ 12.2, ಇದು 11.2. 33 ವರ್ಷದಲ್ಲಿ ಸರಿಯಾಗಿ ಒಂದು ಸೆಕೆಂಡು.

1962ರಲ್ಲಿ, 22ನೇ ವಯಸ್ಸಿಗೇ, ಓಟ ನಿಲ್ಲಿಸಿಬಿಟ್ಟಳು. ರಷ್ಯಾ ವಿರುದ್ಧದ ಕೂಟದಲ್ಲಿ 100 ಮೀಟರನ್ನೂ ರಿಲೇಯನ್ನೂ ಗೆದ್ದು ಸಾಕು ಎಂದಳು. 1964ರ ಒಲಿಂಪಿಕ್ಸ್‌ಗೆ ಹೋಗಿ ಮೂರಕ್ಕಿಂತ ಕಡಿಮೆ ಚಿನ್ನ ತಂದರೆ ಜನ ಅದನ್ನು ಸೋಲು ಎಂದೇ ಲೆಕ್ಕ ಹಾಕುತ್ತಾರೆ ಎಂಬುದು ಅವಳ ಯೋಚನೆಯಾಗಿತ್ತು. ಆಗ ಓಡುವವರಿಗೆ ದುಡ್ಡು ತೆಗೆದುಕೊಳ್ಳುವ ಹಾಗೂ ಇರಲಿಲ್ಲ, ತೆಗೆದುಕೊಂಡರೆ ಒಲಿಂಪಿಕ್ಸ್‌ನಿಂದ ಹೊರಗೆ. ಮೂರು ಚಿನ್ನ ಗೆದ್ದವಳೂ ಹೊಟ್ಟೆಪಾಡಿಗೆ ಬೇರೆ ಕೆಲಸ ನೋಡಿಕೊಳ್ಳಬೇಕಿತ್ತು.

1963ರಲ್ಲಿ ಪದವಿ ಮುಗಿಸಿದಳು. ತಾನು ಓದಿದ ಕಾಬ್ ಪ್ರಾಥಮಿಕ ಶಾಲೆಯಲ್ಲೇ ಟೀಚರ್ ಆದಳು. ಇಲ್ಲಿಂದ ಮುಂದೆ ಅವಳು ಅಂತ ಬರೆಯೋಕೆ ಕೈ ಬರಲ್ಲ, ಅವರು ಅಂತಲೇ ಬರೀತೀನಿ. ಬರ್ಟ್ ಹೈಸ್ಕೂಲಿನಲ್ಲಿ ಅವರು ಓಟವನ್ನೂ ಕಲಿಸಿದರು. ಅದೇ ವರ್ಷ ಕ್ಲಾರ್ಕ್ಸ್‌ವಿಲ್‌ನ ಹೋಟೆಲುಗಳಲ್ಲಿ ಕಪ್ಪು ಜನರಿಗೂ ಪ್ರವೇಶ ಬೇಕು ಎಂದು ನಡೆದ ಪ್ರತಿಭಟನೆಯಲ್ಲಿ ಭಾಗವಹಿಸಿದರು. ಮೂರು ಚಿನ್ನ ತಂದವರಿಗೂ ಸ್ವಂತ ಊರಿನ ಹೋಟೆಲಿನಲ್ಲಿ ಕೂತು ತಿನ್ನೋಕೆ ಹೋರಾಟ ಮಾಡಬೇಕಾಗಿತ್ತು! ಆಮೇಲೆ ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡಿದರು, ನಾಲ್ಕು ಮಕ್ಕಳನ್ನು ಬೆಳೆಸಿದರು. 1977ರಲ್ಲಿ ಆತ್ಮಕಥೆ ಬಂತು. 1981ರಲ್ಲಿ ಬಡ ಮಕ್ಕಳಿಗೆ ಕ್ರೀಡೆ ಕಲಿಸಲು ತಮ್ಮ ಹೆಸರಿನ ಸಂಸ್ಥೆ ಕಟ್ಟಿದರು.

1994ರಲ್ಲಿ ಅವರ ತಾಯಿ ಬ್ಲಾಂಚ್ ತೀರಿಕೊಂಡರು. ಸ್ವಲ್ಪ ದಿನಕ್ಕೇ ವಿಲ್ಮಾ ಅವರಿಗೆ ಮೆದುಳಿನಲ್ಲಿ ಗೆಡ್ಡೆ ಇದೆ ಅಂತ ಗೊತ್ತಾಯಿತು. ಆ ವರ್ಷದ ನವೆಂಬರ್ 12ರಂದು ತೀರಿಹೋದರು. ವಯಸ್ಸು 54.

ಅವರ 11.2ಕ್ಕೆ 1964ರಲ್ಲಿ ಟೋಕಿಯೋದಲ್ಲಿ ಸಮ ಮಾಡಿದವಳು ವಯೋಮಿಯಾ ಟೈಯಸ್. ಅವಳೂ ಟೆಂಪಲ್ ಮೇಷ್ಟ್ರ ಶಿಷ್ಯೆಯೇ. 1965ರಲ್ಲಿ ಪೋಲೆಂಡಿನ ಇರೇನಾ ಕಿರ್ಷೆನ್‌ಸ್ಟೈನ್ 100 ಮೀಟರನ್ನು 11.1ಕ್ಕೆ, 200 ಮೀಟರನ್ನು 22.7ಕ್ಕೆ ಇಳಿಸಿದಳು. ಆಮೇಲೆ ಕೈಗಡಿಯಾರದ ಕಾಲ ಹೋಗಿ ವಿದ್ಯುತ್ ಗಡಿಯಾರ ಬಂತು, ಸೆಕೆಂಡಿನ ನೂರನೇ ಪಾಲೂ ಲೆಕ್ಕಕ್ಕೆ ಸಿಕ್ಕಿತು. 1988ರಲ್ಲಿ ಅಮೆರಿಕದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 100 ಮೀಟರಿಗೆ 10.49, 200 ಮೀಟರಿಗೆ 21.34 ಬರೆಸಿದಳು. ಈ ಎರಡನ್ನೂ ಇನ್ನೂ ಯಾರೂ ಮುರಿದಿಲ್ಲ.

ಕ್ಲಾರ್ಕ್ಸ್‌ವಿಲ್‌ನಲ್ಲಿ ಒಂದು ದೊಡ್ಡ ಹೆದ್ದಾರಿಗೆ ಈಗ ವಿಲ್ಮಾ ರುಡಾಲ್ಫ್ ರಸ್ತೆ ಅಂತ ಹೆಸರು. ಅದರ ಮೇಲೆ ಓಡುವ ಬಸ್ಸುಗಳಲ್ಲಿ ಯಾರು ಯಾವ ಸೀಟಿನಲ್ಲಿ ಬೇಕಾದರೂ ಕೂರಬಹುದು.